ಬುಧವಾರದವರೆಗೆ ನೀರು ಹಾಕಬೇಡಿ

ಬದರಿನಾಥ ಅಂಕಲ್ ಜೀವನದಲ್ಲಿ ಮುಟ್ಟಿದ ಒಂದೇ ಸ್ಪಿರಿಟ್ ಎಂದರೆ ಸ್ಪಿರಿಟ್ ಲೆವೆಲ್. ಗಾರೆಯವರು ಅದನ್ನು ರಸಮಟ್ಟ ಅನ್ನುತ್ತಾರೆ. ಒಂದಡಿ ಉದ್ದದ ಹಳದಿ ಪಟ್ಟಿ, ಮಧ್ಯೆ ಪುಟ್ಟ ಗಾಜಿನ ಕೊಳವೆ, ಅದರೊಳಗೊಂದು ಗುಳ್ಳೆ. ಗುಳ್ಳೆ ನಟ್ಟನಡುವೆ ನಿಂತರೆ ಇಟ್ಟ ಜಾಗ ಮಟ್ಟ ಎಂದರ್ಥ. ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತೊಂದು ವರ್ಷ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಬಂದರೂ ಕಬ್ಬಿಣವನ್ನು ಗುಜರಿಗೆ ಎಸೆದ ಮನುಷ್ಯ ಅವರು. ರಿಟೈರಾದ ಮೇಲೆ ಎಸೆಯಲು ಕಬ್ಬಿಣ ಸಿಗದೆ, ತ್ಯಾಗರಾಜನಗರದ ತಮ್ಮ ಮನೆಯ ಮೇಲೆ ಕಣ್ಣು ಹಾಕಿದರು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹಾಗಾಗಿ ಅವರ ಡ್ರಿಲ್ಲಿಂಗ್ ಮೆಷಿನ್ನಿನ ಮೂಡು ನನಗೆ ಚೆನ್ನಾಗಿ ಗೊತ್ತು. ಆ ಮನೆಗೆ ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ ಯಾರಿಗೂ ಪ್ರವೇಶವಿರಲಿಲ್ಲ. ಕಿಟಕಿಯ ಸೊಳ್ಳೆ ಪರದೆ, ಸಂಪಿನ ವಾಲ್ವು, ಅಡುಗೆಮನೆಯ ಕಬೋರ್ಡು, ಎಲ್ಲವೂ ಸ್ವಂತ ಕೈಕೆಲಸ. ಮನೆಗೆ ಬಂದವರಿಗೆ ಕಾಫಿಗೆ ಮೊದಲು ಅದನ್ನೆಲ್ಲ ತೋರಿಸಿ, "ನಾನೇ ಮಾಡಿದ್ದು" ಅನ್ನೋರು.

"ಹೌದು, ಅವರೇ ಮಾಡಿದ್ದು," ಅಂತ ವಿಮಲಾ ಆಂಟಿ ಕಾಫಿ ಲೋಟ ಇಡುತ್ತಾ ಸೇರಿಸೋರು. "ಅದಕ್ಕೇ ಆ ಕಬೋರ್ಡ್ ಬಾಗಿಲು ತೆಗೀಬೇಕಾದ್ರೆ ಮೊಣಕಾಲು ಕೊಟ್ಟು ಎಳೀಬೇಕು."

ಅಂಕಲ್ ನಗೋರು. ಆಂಟಿಯ ದೂರುಗಳನ್ನು ಮಟ್ಟ ಹಾಕಲು ಅವರ ಬಳಿ ಇದ್ದ ಸಾಧನ ಆ ನಗು ಒಂದೇ.

ಬಚ್ಚಲಿನ ಕಥೆ ಶುರುವಾದದ್ದು ಹದಿನಾಲ್ಕು ವರ್ಷದ ಹಿಂದೆ. ಹಳೇ ಕಲ್ಲು ಕಿತ್ತು ಟೈಲ್ಸ್ ಹಾಕಿಸೋಣವೆಂದು ಆಂಟಿ ಹಟ ಹಿಡಿದು, ಜರಗನಹಳ್ಳಿಯಿಂದ ಚಲುವರಾಜು ಎಂಬ ಗಾರೆಯವನನ್ನು ಕರೆಸಿದ್ದರು. ಆತ ನೆಲ ನೋಡಿ, "ಸಾರ್, ಬಾಗಿಲಿಂದ ಜಾಲರಿ ಕಡೆಗೆ ಚೂರು ವಾಟ ಕೊಡ್ಬೇಕು, ನೀರು ಓಡಕ್ಕೆ" ಅಂದ.

"ಅಂದ್ರೆ ನೆಲ ವಾಲಿರುತ್ತೆ?"

"ವಾಲ್ಲೇಬೇಕಲ್ಲ ಸಾರ್."

"ನನ್ನ ಮನೇಲಿ ಯಾವುದೂ ವಾಲೋ ಹಾಗಿಲ್ಲಪ್ಪ," ಎಂದು ಅಂಕಲ್ ಅವನಿಗೆ ಕಾಫಿ ಕೊಟ್ಟು ಸಾಗಹಾಕಿದರು. ಆಮೇಲೆ ಹನ್ನೊಂದು ದಿನ ಮಂಡಿಯೂರಿ ಕೂತು, ಒಂದೊಂದು ಟೈಲ್ ಮೇಲೂ ರಸಮಟ್ಟ ಇಟ್ಟು, ಗುಳ್ಳೆಯನ್ನು ನಡುವೆ ನಿಲ್ಲಿಸಿ, ದಕ್ಷಿಣ ಬೆಂಗಳೂರಿನಲ್ಲೇ ಅತ್ಯಂತ ಮಟ್ಟಸವಾದ ಬಚ್ಚಲು ಕಟ್ಟಿದರು. ಮೊದಲ ದಿನ ಸ್ನಾನದ ನೀರಿಗೆ ಎತ್ತ ಹೋಗಬೇಕೆಂದು ತೋಚಲಿಲ್ಲ. ಅಲ್ಲೇ ನಿಂತಿತು.

"ರೀ, ನೀರು ಹೋಗ್ತಿಲ್ಲ."

"ಹೋಗುತ್ತೆ ಕಣೆ, ಟೈಂ ಕೊಡು."

ಆಂಟಿ ಹದಿನಾಲ್ಕು ವರ್ಷ ಟೈಂ ಕೊಟ್ಟರು. ಜೊತೆಗೆ ಉದ್ದ ಹಿಡಿಯ ಒಂದು ರಬ್ಬರ್ ವೈಪರನ್ನೂ ಕೊಂಡರು. ಬೆಳಿಗ್ಗೆ ಆರೂವರೆಗೆ ಗೋಡೆಯಾಚೆ ಸರ್ರ್, ಸರ್ರ್ ಎಂದು ಆಂಟಿ ನೀರು ತಳ್ಳುವ ಸದ್ದು. ನನಗೆ ಅದೇ ಅಲಾರಂ. ಅಂಕಲ್‌ಗೆ ಆ ಸದ್ದು ಕೇಳಿಸುತ್ತಿರಲಿಲ್ಲ ಅಂತಲ್ಲ. ಅದು ತನ್ನ ಕೆಲಸದ ತಪ್ಪಿನ ಸದ್ದು ಎಂದು ಹೊಳೆಯುತ್ತಿರಲಿಲ್ಲ, ಅಷ್ಟೆ.

ಕಳೆದ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಸರ್ರ್ ಎಂಬ ಸದ್ದು ಒಂದೇ ಸಲ ಬಂತು. ಹಿಂದೆಯೇ ಬಕೆಟ್ ಉರುಳಿದ್ದು ಕೇಳಿಸಿತು. ನಾನು ಓಡಿಹೋದಾಗ ಆಂಟಿ ನಿಂತ ನೀರಿನಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದರು. ವೈಪರ್ ಇನ್ನೂ ಕೈಯಲ್ಲೇ ಇತ್ತು. ಸೊಂಟದ ಮೂಳೆ ಮುರಿದಿತ್ತು.

ಆಪರೇಷನ್ ಆಯಿತು. ಆಸ್ಪತ್ರೆಯಿಂದ ಮಗಳು ಹಂಸಾ, ಜೆಪಿ ನಗರದ ತನ್ನ ಮನೆಗೆ ತಾಯಿಯನ್ನು ಕರೆದುಕೊಂಡು ಹೋದಳು. ಹೋಗುವಾಗ ಆಂಟಿ ಆಂಬುಲೆನ್ಸ್‌ನಲ್ಲಿ ಮಲಗಿಕೊಂಡೇ ಅಂಕಲ್‌ಗೆ ಹೇಳಿದರು. "ನೋಡ್ರೀ, ಆ ನೆಲ ಸರಿಯಾಗೋವರೆಗೂ ನಾನು ಆ ಮನೆಗೆ ಕಾಲಿಡಲ್ಲ." ನಗುತ್ತಲೇ ಹೇಳಿದ್ದು. ಅಂಕಲ್ ಮಾತ್ರ ನಗಲಿಲ್ಲ.

ಮಾರನೇ ದಿನವೇ ಬಚ್ಚಲು ಒಡೆಯತೊಡಗಿದರು. ಎಪ್ಪತ್ತು ದಾಟಿದ ವಯಸ್ಸು, ಕೈಯಲ್ಲಿ ಉಳಿ ಸುತ್ತಿಗೆ. ಸ್ನಾನಕ್ಕೆ ಟವೆಲ್ ಹಿಡಿದು ನಮ್ಮನೆಗೆ ಬರುತ್ತಿದ್ದರು. ಬಂದವರು ನಮ್ಮ ಬಚ್ಚಲಿನ ನೆಲದ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ಎಷ್ಟು ಜರುಗುತ್ತದೆ ಎಂದು ಚೀಟಿಯಲ್ಲಿ ಬರೆದುಕೊಳ್ಳೋರು. ವಾಲಿದ ನೆಲದ ಪರಮ ವಾಲಿಗರು ಎಂದು ಇಷ್ಟು ದಿನ ನಮ್ಮನ್ನು ಕನಿಕರದಿಂದ ನೋಡುತ್ತಿದ್ದವರು ನಮ್ಮ ಹತ್ತಿರವೇ ಪಾಠಕ್ಕೆ ಕೂತರು.

ಹತ್ತು ದಿನದ ಮೇಲೆ ನನ್ನನ್ನು ಕರೆದು ತೋರಿಸಿದರು. ಹೊಸ ಟೈಲ್ಸ್ ಕೂರಿಸಿದ್ದರು. ಅದರ ಮೇಲೆ ರಸಮಟ್ಟ. ಗುಳ್ಳೆ ಮತ್ತೆ ನಟ್ಟನಡುವೆ.

"ಕೈ ಕೇಳ್ತಿಲ್ಲಮ್ಮ," ಅಂದರು. "ಮೂವತ್ತೊಂದು ವರ್ಷ ಒಂದೇ ಪಾಠ ಹೇಳ್ಕೊಟ್ಟಿದ್ದೀನಿ ಇದಕ್ಕೆ. ಈಗ ತಪ್ಪಾಗಿ ಮಾಡು ಅಂದ್ರೆ ಮಾಡಲ್ಲ ಅನ್ನುತ್ತೆ."

ಅವತ್ತು ಸಂಜೆ ಅವರು ಚಲುವರಾಜುಗೆ ಫೋನ್ ಮಾಡಿದರು. ಜೀವನದಲ್ಲೇ ಮೊದಲ ಸಲ, ತಮ್ಮ ಮನೆ ಕೆಲಸಕ್ಕೆ ಬೇರೆಯವರನ್ನು ಕರೆದರು.

ಈಗ ಚಲುವರಾಜುವಿನ ತಲೆಯೆಲ್ಲ ನರೆತಿತ್ತು. "ಏನ್ ಸಾರ್, ಕುಡಿದ ಕಾಫಿ ಅರಗೋ ಮುಂಚೆ ಮತ್ತೆ ಕರೆದುಬಿಟ್ರಿ," ಎಂದು ಒಳಗೆ ಬಂದ. ನೆಲ ನೋಡಿದವನು ಮುಂದೆ ತಮಾಷೆ ಮಾಡಲಿಲ್ಲ. ಅಂಕಲ್ ರಸಮಟ್ಟ ಹಿಡಿದು ಬೆನ್ನ ಹಿಂದೆ ನಿಂತಿದ್ದರು.

"ಅದನ್ನ ಒಳಗಿಟ್ಬಿಡಿ ಸಾರ್. ಅದು ನನ್ನೇ ನೋಡ್ತಾ ಇದ್ರೆ ಕೈ ನಡುಗುತ್ತೆ."

ಅಂಕಲ್ ಅದನ್ನು ಒಳಗಿಟ್ಟು ಬಂದು, ಸಿಮೆಂಟ್ ಕಲಸಿಕೊಟ್ಟರು. ಟೈಲ್ಸ್ ಒಂದೊಂದಾಗಿ ಎತ್ತಿಕೊಟ್ಟರು.

ಬುಧವಾರ ಕೆಲಸ ಮುಗಿಯಿತು. ಚಲುವರಾಜು ಜೇಬಿನಿಂದ ಒಂದು ಗೋಲಿ ತೆಗೆದು ಬಾಗಿಲ ಹತ್ತಿರ ಇಟ್ಟ. ಅದು ಒಂದು ಕ್ಷಣ ನಿಂತು, ಮೆಲ್ಲಗೆ ಹೊರಟು, ಓಡಿ, ಮೂಲೆಯ ಜಾಲರಿಗೆ ಟಣ್ ಎಂದು ಬಡಿಯಿತು. ನಾನು ಮೊಬೈಲ್ ಹಿಡಿದು ವಿಡಿಯೋ ಕಾಲ್‌ನಲ್ಲಿ ಆಂಟಿಗೆ ತೋರಿಸುತ್ತಿದ್ದೆ.

"ಅಯ್ಯೋ, ಇನ್ನೊಂದ್ಸಲ ಬಿಡಿ!" ಆಂಟಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ನಾಲ್ಕು ಸಲ ಬಿಟ್ಟೆವು. "ರೀ, ಶುಕ್ರವಾರ ಬಂದ್ಬಿಡ್ತೀನಿ. ನಮ್ಮನೇಲಿ ದೀಪ ಹಚ್ಚಿ ಎಷ್ಟು ದಿನ ಆಯ್ತು."

"ಎರಡು ದಿನ ಬಿಟ್ರೆ ಸಾಕು ಸಾರ್, ಬಳಸ್ಬೋದು," ಎಂದ ಚಲುವರಾಜು.

"ಏಳು ದಿನ," ಅಂದರು ಅಂಕಲ್. "ಸರಿಯಾಗಿ ಬಿಗೀಲಿ. ಮತ್ತೆ ತಪ್ಪು ಆಗೋದು ಬೇಡ. ಮುಂದಿನ ಬುಧವಾರ ಬಾ."

"ನಿಮ್ಮ ಲೆಕ್ಕ ಒಂದು ಕೂದಲೆಳೆ ಆಚೀಚೆ ಆಗಲ್ಲ ಬಿಡಿ," ಎಂದರು ಆಂಟಿ. "ಆಯ್ತು, ಬುಧವಾರ. ಆ ವೈಪರ್ ಮಾತ್ರ ಮೊದಲು ಬಿಸಾಕಿ."

"ನೀನೇ ಬಂದು ಬಿಸಾಕು."

"ಹೂಂ. ನಾನೇ ಬಿಸಾಕ್ತೀನಿ, ಇಟ್ಟಿರಿ."

ಅಂಕಲ್ ಒಂದು ರಟ್ಟಿನ ತುಂಡಿನ ಮೇಲೆ ದುಂಡಗೆ ಬರೆದು ಬಚ್ಚಲ ಬಾಗಿಲಿಗೆ ನೇತುಹಾಕಿದರು. "ಬುಧವಾರದವರೆಗೆ ನೀರು ಹಾಕಬೇಡಿ." ಮನೆಯಲ್ಲಿ ಇದ್ದದ್ದು ಅವರೊಬ್ಬರೇ. ತಮಗೆ ತಾವೇ ಬರೆದುಕೊಂಡದ್ದು.

ಭಾನುವಾರ ಬೆಳಿಗ್ಗೆ ಹಂಸಾಳ ಮನೆಯಲ್ಲಿ ಆಂಟಿ ತಿಂಡಿ ತಿಂದು, ಎದೆ ಹಿಡಿದಂತಾಗುತ್ತಿದೆ ಎಂದರಂತೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿತ್ತಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಧ್ಯಾಹ್ನ ವ್ಯಾನಿನಲ್ಲಿ ಆಂಟಿ ಮನೆಗೆ ಬಂದರು. ಬುಧವಾರಕ್ಕೆ ಇನ್ನೂ ಮೂರು ದಿನ ಇತ್ತು.

ಹೊರಡಿಸುವ ಮುಂಚೆ ಸ್ನಾನ ಮಾಡಿಸಬೇಕಲ್ಲ. ಅಂಗಳದಲ್ಲಿ ಬೆಡ್‌ಶೀಟ್ ಮರೆ ಕಟ್ಟೋಣ ಎಂದು ಹಿರಿಯರೊಬ್ಬರು ಹಗ್ಗ ಹುಡುಕುತ್ತಿದ್ದರು. ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಅಂಕಲ್, "ಬೇಡ," ಅಂದರು.

"ಅಪ್ಪಾ?" ಎಂದಳು ಹಂಸಾ.

"ಒಳಗೇ ಮಾಡ್ಸಿ. ಅವಳಿಗೇ ಅಂತ ಮಾಡ್ಸಿದ್ದು."

ನಡೆದು ಹೋಗಿ, ಬಾಗಿಲಲ್ಲಿ ನೇತಾಡುತ್ತಿದ್ದ ರಟ್ಟನ್ನು ತಾವೇ ಬಿಚ್ಚಿದರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಒತ್ತಿಕೊಂಡು ನಿಂತರು. ನಾವು ಹೆಂಗಸರು ಆಂಟಿಯನ್ನು ಒಳಗೆ ತಂದೆವು. ನೀರು ತುಂಬಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬಾಗಿಲು ಹಾಕಿದೆ. ಮೊದಲ ಚೊಂಬು ಹಾಕಿದಾಗ ನೀರು ಆಂಟಿಯ ಕಾಲು ದಾಟಿ, ಎಲ್ಲೂ ತಡೆಯದೆ, ನೇರ ಜಾಲರಿಗೆ ಹೋಯಿತು. ಎರಡನೆಯದೂ ಹೋಯಿತು. ಆಮೇಲೆ ನನಗೆ ಕಣ್ಣು ಕಾಣಿಸಲಿಲ್ಲ.

ಹೊರಗೆ ಬಂದಾಗ ಅಂಕಲ್ ಬಾಗಿಲಲ್ಲೇ ಇದ್ದರು. ಪಿಸುದನಿಯಲ್ಲಿ ಕೇಳಿದರು.

"ನೀರು ನಿಲ್ತಾ?"

"ಇಲ್ಲ ಅಂಕಲ್. ಒಂದು ಹನೀನೂ ನಿಲ್ಲಲಿಲ್ಲ."

ತಲೆಯಾಡಿಸಿದರು. ಮತ್ತೂ ಆಡಿಸಿದರು. ನಿಲ್ಲಿಸುವುದು ಹೇಗೆಂದು ಮರೆತವರಂತೆ ಆಡಿಸುತ್ತಲೇ ಇದ್ದರು.

ಬನಶಂಕರಿಯ ಚಿತಾಗಾರದಿಂದ ಬಂದವರೆಲ್ಲ ಸರದಿಯಲ್ಲಿ ತಲೆಗೆ ಸ್ನಾನ ಮಾಡಿದರು. ಅಳಿಯ ಮಾಧವ ಒದ್ದೆ ತಲೆ ಒರೆಸಿಕೊಳ್ಳುತ್ತಾ, "ಬಾತ್‌ರೂಮ್ ನೀವೇ ಮಾಡಿದ್ದಾ ಮಾವಾ?" ಎಂದು ಕೇಳಿದ. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದ್ದು, ಪಾಪ.

"ಚಲುವರಾಜು ಮಾಡಿದ್ದು," ಅಂದರು ಅಂಕಲ್. "ನಾನು ಕೆಡಿಸಿದ್ದು."

ಹಂಸಾ ಎದ್ದು ಬಚ್ಚಲಿಗೆ ಹೋದಳು. ಮೂಲೆಯಲ್ಲಿದ್ದ ವೈಪರನ್ನು ಎತ್ತಿಕೊಂಡು ಗೇಟಿನ ಕಡೆ ಹೊರಟಳು. ಅದನ್ನು ನೋಡಲಾಗುತ್ತಿರಲಿಲ್ಲ ಅವಳಿಗೆ.

"ಅದನ್ನ ಅಲ್ಲೇ ಇಡು ಪುಟ್ಟಿ," ಅಂಕಲ್ ಕೂತಲ್ಲಿಂದಲೇ ಹೇಳಿದರು. "ನಿಮ್ಮಮ್ಮ ತಾನೇ ಬಂದು ಬಿಸಾಕ್ತೀನಿ ಅಂದಿದ್ದಾಳೆ."