ಶಾಲೆಯಂಗಳದಲ್ಲಿ ಹೃದಯದ ನಾಲ್ಕು ಕೋಣೆ

ಅಡೂರಿನ ಶಾಲೆಯೊಂದರಲ್ಲಿ ಮಧ್ಯಾಹ್ನದ ಅಡುಗೆ ಮಾಡುವ ಪುಷ್ಪಾವತಿ ಗಟ್ಟಿ ಹೆಂಗಸು. ಅಕ್ಕಿ ಇಡುವ ಕೋಣೆಗೆ ಹಾವು ಹೊಕ್ಕರೆ ಮಾಸ್ತರರು ಕೂಗಿ ಕರೆಯುತ್ತಿದ್ದದ್ದು ಅವಳನ್ನೇ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮಾತ್ರ ಅವಳ ಕೈಕಾಲು ತಣ್ಣಗಾಗುತ್ತಿದ್ದವು.

ಮಗಳು ಅಶ್ಮಿತಾ ಓದುತ್ತಿದ್ದದ್ದೂ ಅದೇ ಶಾಲೆಯಲ್ಲಿ. ಶಾಲೆಗೆ ತಪಾಸಣೆಗೆ ಬಂದ ಡಾಕ್ಟರಿಗೆ ಅವಳ ಎದೆಯ ಸದ್ದು ಸರಿಯೆನಿಸಲಿಲ್ಲ. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದರು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ತೂತು ಉಂಟು, ತೊಡೆಯ ರಕ್ತನಾಳದ ಮೂಲಕ ಹೋಗಿ ಮುಚ್ಚಬಹುದು ಎಂದರು ಅಲ್ಲಿಯ ಡಾಕ್ಟರು. ಪುಷ್ಪಾವತಿ ಮಗಳ ಕೈ ಹಿಡಿದು ಎದ್ದೇ ಬಂದಳು.

"ಓಡ್ತಾಳೆ, ಉಣ್ತಾಳೆ, ನಗ್ತಾಳೆ. ಎಂತ ಆಗಿದೆ ಅಂತ ಹೃದಯಕ್ಕೆ ಕೈ ಹಾಕುವುದು?" ಎಂದು ಗಂಡ ಮಹಾಬಲನ ಬಾಯಿ ಮುಚ್ಚಿಸಿದಳು. ಹಾಗೆಯೇ ಮಳೆಗಾಲ ಕಳೆಯಿತು.

ಒಂದು ಮಧ್ಯಾಹ್ನ ವಿಜ್ಞಾನದ ನಮಿತಾ ಟೀಚರ್ ಅಂಗಳದಲ್ಲಿ ಸುಣ್ಣದ ಪುಡಿಯಿಂದ ನಾಲ್ಕು ಕೋಣೆಗಳ ಹೃದಯ ಬರೆದರು. ಧ್ವಜಕಟ್ಟೆಯ ಹತ್ತಿರ ಶ್ವಾಸಕೋಶ, ಬಾವಿಯ ಹತ್ತಿರ ದೇಹ. ಮಕ್ಕಳೇ ರಕ್ತ. ನೀಲಿ ರಿಬ್ಬನ್ ಹಿಡಿದು ಬಲಗಡೆಯ ಕೋಣೆಗಳನ್ನು ದಾಟಬೇಕು, ಧ್ವಜಕಟ್ಟೆಯಲ್ಲಿ ಕೆಂಪು ರಿಬ್ಬನ್ ಪಡೆಯಬೇಕು, ಎಡಗಡೆಯ ಕೋಣೆಗಳಿಂದ ಬಾವಿಗೆ ಹೋಗಿ ಅದನ್ನು ಕೊಡಬೇಕು.

"ಪುಷ್ಪಕ್ಕ, ಪಾತ್ರೆ ಆಮೇಲೆ ತೊಳೆಯಿರಿ. ನೀವೂ ರಕ್ತ ಆಗಿ, ಬನ್ನಿ" ಎಂದರು ಟೀಚರ್.

ನಾಚುತ್ತಲೇ ಸೇರಿಕೊಂಡ ಪುಷ್ಪಾವತಿ ಒಂದು ಸುತ್ತು ಸರಾಗವಾಗಿ ಹೋಗಿಬಂದಳು. ಆಮೇಲೆ ಟೀಚರ್ ಮೇಲಿನ ಕೋಣೆಗಳ ನಡುವಿನ ಗೆರೆಯನ್ನು ಕಾಲಿನಿಂದ ಅಳಿಸಿ ದಾರಿ ಮಾಡಿದರು. ಕೆಂಪು ರಿಬ್ಬನ್ ಹಿಡಿದು ಎಡಗಡೆಗೆ ಬಂದ ಪುಷ್ಪಾವತಿಯನ್ನು ಹಿಂದಿನವರು ಆ ಸಂದಿಯಿಂದ ಬಲಗಡೆಗೆ ನೂಕಿದರು. ಮತ್ತೆ ಧ್ವಜಕಟ್ಟೆ!

"ನಾನು ಈಗಷ್ಟೇ ಇಲ್ಲಿಗೆ ಬಂದದ್ದಲ್ವಾ ಟೀಚರ್? ಬಾವಿಗೆ ಹೋಗ್ಲೇ ಇಲ್ಲ!"

ಬಲಗಡೆ ಕಾಲಿಡಲು ಜಾಗವಿರಲಿಲ್ಲ. ನೂಕುನುಗ್ಗಲಲ್ಲಿ ಸುಣ್ಣದ ಗೆರೆಗಳೇ ಮಾಸಿ ಕೋಣೆ ಅಗಲವಾಗಿತ್ತು. ಪುಷ್ಪಾವತಿ ನಿಂತಲ್ಲೇ ನಿಂತಳು.

"ನಮ್ಮ ಅಶ್ಮಿತಾಳಿಗೆ ಹೀಗೆಯಾ?"

"ಹೌದು ಅಕ್ಕ. ಈಗ ಅವಳಿಗೆ ಗೊತ್ತಾಗುವುದಿಲ್ಲ. ಹೀಗೇ ಬಿಟ್ಟರೆ ದೊಡ್ಡವಳಾಗುವಾಗ ಈ ಕೋಣೆ ಹಿಗ್ಗಿ ಹಿಗ್ಗಿ ಸೋಲ್ತದೆ."

ಟೀಚರ್ ಸಂದಿಗೆ ಅಡ್ಡವಾಗಿ ಒಂದು ಬೆಂಚು ಇಡಿಸಿದರು. ನಿಧಾನಕ್ಕೆ ಬಲಗಡೆ ತೆರವಾಯಿತು, ಸಾಲು ಬಾವಿಯ ಕಡೆ ಹರಿಯತೊಡಗಿತು. ಬೆಂಚಿನ ಮೇಲೆ ಕೈಯೂರಿ ಪುಷ್ಪಾವತಿ ಬಹಳ ಹೊತ್ತು ಅದನ್ನೇ ನೋಡಿದಳು.

ಮನೆಗೆ ಬಂದವಳೇ ಗಂಡನಿಗೆ ಹೇಳಿದಳು: "ಡಾಕ್ಟರಿಗೆ ಫೋನ್ ಮಾಡಿ. ಆ ತೂತು ಮುಚ್ಚಿಸುವ."

ಮಂಗಳೂರಿನ ಆಸ್ಪತ್ರೆಯಲ್ಲಿ ಮಗಳನ್ನು ಒಳಗೆ ಕರೆದೊಯ್ದಾಗ ಹಳೆಯ ಹೆದರಿಕೆ ಬಾರದೆ ಇರಲಿಲ್ಲ. ಕೈಕಾಲು ತಣ್ಣಗಾದವು, ತಂದ ಕಾಫಿ ಕುಡಿಯದೆ ಆರಿಹೋಯಿತು. ಆದರೂ ಈ ಸಲ ಅವಳು ಎದ್ದು ಹೋಗಲಿಲ್ಲ. ಡಾಕ್ಟರು ಹೊರಬಂದು, "ತೂತು ಮುಚ್ಚಿ ಆಯ್ತು. ಮುಚ್ಚಳ ಸರಿಯಾಗಿ ಕೂತಿದೆ" ಎಂದಾಗ ಮಹಾಬಲ ಕಣ್ಣೊರೆಸಿಕೊಂಡ. ಪುಷ್ಪಾವತಿ ಮಗಳನ್ನು ನೋಡಬೇಕೆಂದು ಬಾಗಿಲ ಕಡೆ ನಡೆದಳು.

ಎಚ್ಚರವಾದ ಅಶ್ಮಿತಾ ಮೊದಲು ಮಾಡಿದ್ದು ದೂರು: "ಅಮ್ಮಾ, ಕಾಲು ಮಡಚಲಿಕ್ಕೇ ಬಿಡುವುದಿಲ್ಲ ಇವರು!"

ಆ ಜಗಳಗಂಟಿ ದನಿ ಕೇಳಿದ್ದೇ ತಡ, ಪುಷ್ಪಾವತಿಯ ಎದೆ ಹಗುರಾಗಿ ನಗು ಉಕ್ಕಿತು. ಮಗಳ ಹತ್ತಿರ ಗಂಡನನ್ನು ಕೂರಿಸಿ ಕ್ಯಾಂಟೀನಿಗೆ ಇಳಿದಳು. ಬನ್ಸ್, ಗೋಳಿಬಜೆ, ಮೇಲಿಂದ ಒಂದು ಮಸಾಲೆದೋಸೆ. ಬೇರೆಯವರು ಮಾಡಿದ ಅಡುಗೆಗೆ ಎಂದೂ ಒಂದಾದರೂ ಕೊರತೆ ಹೇಳದೆ ಬಿಡದವಳು ಅಂದು ತಟ್ಟೆಯ ಚಟ್ನಿಯನ್ನೂ ಬೆರಳಲ್ಲಿ ಬಳಿದು ತಿಂದಳು.