ಲಾರಿಯ ಅಡಿಯಿಂದ ಬಂದ ಸದ್ದು

ಚಳ್ಳಕೆರೆಯ ಬಳ್ಳಾರಿ ರಸ್ತೆ ಬದಿಯ ಲಾರಿ ಶೆಡ್ಡಿನಲ್ಲಿ ನಾನು ಹದಿನಾಲ್ಕು ವರ್ಷ ಒಬ್ಬರ ಕೈಕೆಳಗೆ ಕೆಲಸ ಮಾಡಿದೆ. ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವರ ಊರು ರೇಷ್ಮೆ ಸೀರೆ ನೇಯುವ ಮೊಳಕಾಲ್ಮೂರು. ಮನೆಮಂದಿಯೆಲ್ಲ ಮಗ್ಗಕ್ಕೆ ಕೂತರೆ ಇವರೊಬ್ಬರು ಸ್ಪ್ಯಾನರ್ ಹಿಡಿದು ಹೊರಬಿದ್ದಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತರೆಂದರೆ ಒಳಗೆ ಏನು ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ನನಗೆ ಕೆಲಸ ಕಲಿಸಿದವರೂ ಅವರೇ. ಕೊನೆಯ ಎರಡು ವರ್ಷ ಅವರು ಆ ಹಿಡಿಯನ್ನು ಬಲಗಿವಿ ಬಿಟ್ಟು ಎಡಗಿವಿಗೆ ಇಡತೊಡಗಿದ್ದನ್ನು ನಾನು ಗಮನಿಸಿದ್ದೆ. ಗಮನಿಸದವನಂತೆ ಇದ್ದೆ.

ಒಂದು ಬೆಳಿಗ್ಗೆ ರಾಂಪುರದ ಡ್ರೈವರ್ ತನ್ನ ಲಾರಿ ತಂದು ನಿಲ್ಲಿಸಿದ. ಎರಡು ತಿಂಗಳ ಹಿಂದಷ್ಟೇ ಅದಕ್ಕೆ ಹೊಸ ಕ್ಲಚ್ ಪ್ಲೇಟ್ ಹಾಕಿ ಕಳಿಸಿದ್ದೆವು.

"ಅಡಿಯಾಗೆ ಟಕಟಕ ಅಂತ ಬಡೀತೈತೆ ಮೇಸ್ತ್ರಿ. ಎಂಜಿನ್ನೋ ಗೇರ್‌ಬಾಕ್ಸೋ ಗೊತ್ತಾಗ್ತಿಲ್ರಿ."

ಮೇಸ್ತ್ರಿ ಬಹಳ ಹೊತ್ತು ಕಿವಿಗೊಟ್ಟು ನಿಂತರು. "ಕ್ರ್ಯಾಂಕ್ ಬೇರಿಂಗ್ ಹೋಗೈತೆ. ಆಯಿಲ್ ಚೇಂಬರ್ ಬಿಚ್ಚು" ಎಂದರು.

ನನಗೆ ಹಾಗನ್ನಿಸಲಿಲ್ಲ. ಒಂದೊಂದೇ ಸಿಲಿಂಡರಿಗೆ ಡೀಸೆಲ್ ಹೋಗುವ ಪೈಪನ್ನು ಸಡಿಲಿಸಿ ನೋಡಿದೆ. ಬೇರಿಂಗ್ ಹೋಗಿದ್ದರೆ ಯಾವುದಾದರೂ ಒಂದರಲ್ಲಿ ಸದ್ದು ತಗ್ಗಬೇಕಿತ್ತು, ತಗ್ಗಲಿಲ್ಲ. ಕ್ಲಚ್ ಒತ್ತಿದರೆ ಮಾತ್ರ ಬಡಿತ ಬದಲಾಯಿತು.

"ಮೇಸ್ತ್ರಿ, ಸದ್ದು ಎಂಜಿನ್ ಹಿಂದುಗಡೆ, ಕ್ಲಚ್ ಕಡೆಯಿಂದ ಬರ್ತೈತೆ. ಗೇರ್‌ಬಾಕ್ಸ್ ಇಳ್ಸಿ ನೋಡಾಣ."

"ನಂಗೇ ಹೇಳಿಕೊಡ್ತೀಯೇನಲೇ?"

ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರ್ ಬಿಚ್ಚಿದೆ. ಬೇರಿಂಗ್‌ಗಳು ನುಣ್ಣಗೆ, ಒಂದು ಗೀರೂ ಇಲ್ಲದೆ ಇದ್ದವು. ಆದರೂ ಹೊಸವನ್ನೇ ಹಾಕಿಸಿದರು. ಎರಡು ದಿನ ಕಳೆದು ಎಂಜಿನ್ ಚಾಲೂ ಮಾಡಿದರೆ ಅದೇ ಬಡಿತ. ರಾಂಪುರದವನ ಜೊತೆ ಇನ್ನೂ ಇಬ್ಬರು ಡ್ರೈವರುಗಳು ಟೀ ಕುಡಿಯುತ್ತ ನಿಂತಿದ್ದರು. ಮೇಸ್ತ್ರಿ ನನ್ನ ಕಡೆ ತಿರುಗಿದರು.

"ನೀನು ಬೋಲ್ಟ್ ಸರಿಯಾಗಿ ಟೈಟ್ ಮಾಡಿಲ್ಲ."

ಕೈಲಿದ್ದ ಸ್ಪ್ಯಾನರನ್ನು ನೆಲಕ್ಕೆ ಎಸೆದೆ. "ಟೈಟ್ ಸರಿಯಾಗೇ ಐತೆ. ನಿಮ್ಮ ಕಿವೀನೇ ಸರಿ ಇಲ್ಲ. ಎರಡು ವರ್ಷದಿಂದ ನಿಮಗೆ ಏನೂ ಕೇಳಿಸ್ತಿಲ್ಲ!" ಎಂದು ಕೂಗಿಬಿಟ್ಟೆ.

ಅದು ಅವರಿಗೆ ಕೇಳಿಸಿತು. ಕೈಯಲ್ಲಿದ್ದ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, "ಇಳ್ಸು ಗೇರ್‌ಬಾಕ್ಸ್" ಎಂದರು.

ಮಧ್ಯಾಹ್ನದ ಹೊತ್ತಿಗೆ ಇಳಿಸಿದೆ. ಕ್ಲಚ್ ತೆಗೆದು ಫ್ಲೈವೀಲನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದರೆ ಆ ಭಾರದ ಚಕ್ರ ಗಡಗಡ ಅಲ್ಲಾಡಿತು. ಬೋಲ್ಟುಗಳು ಬರಿಗೈಗೆ ತಿರುಗಿದವು. ನಾನು ಹೇಳಿದ ಜಾಗವೇ. ಗೆದ್ದವನಂತೆ ಒಂದು ಬೋಲ್ಟ್ ಬಿಚ್ಚಿ ಮೇಲೆತ್ತಿ ತೋರಿಸಿದೆ. ಎತ್ತಿದ ಮೇಲೆ ನೆನಪಾಯಿತು. ಕ್ಲಚ್ ಹಾಕಿದ ದಿನ ಫ್ಲೈವೀಲನ್ನು ಲೇತ್‌ಗೆ ಕಳಿಸಿ, ಸವೆದ ಮೈ ನಯ ಮಾಡಿಸಿ ತರಿಸಿ, ತಿರುಗಿ ಕೂರಿಸಿದವನು ನಾನು. ಮೇಸ್ತ್ರಿ ಅಂದು ಊರಿನ ಮದುವೆಗೆ ಹೊರಟಿದ್ದರು. "ಹೊಸ ಬೋಲ್ಟ್ ಹಾಕು" ಎಂದು ಎರಡು ಸಲ ಹೇಳಿಯೇ ಹೋಗಿದ್ದರು. ನಾನು ಹಳೆಯವನ್ನೇ ಹಾಕಿದ್ದೆ.

ಮೇಸ್ತ್ರಿ ಬೋಲ್ಟ್ ಇಸಿದುಕೊಂಡು, ಅದರ ಸವೆದ ತಿರುಪುಸುತ್ತಿನ ಮೇಲೆ ಹೆಬ್ಬೆರಳು ಆಡಿಸಿದರು. ನನ್ನ ಮುಖ ನೋಡಿದರು. ಅವರಿಗೂ ನೆನಪಿತ್ತು.

"ಯಾರು ಹಾಕಿದ್ದು ಇದನ್ನ?" ಎಂದ ಡ್ರೈವರ್.

ನಾನು ಬಗ್ಗಿ ಉಳಿದ ಬೋಲ್ಟುಗಳನ್ನು ಬಿಚ್ಚತೊಡಗಿದೆ. ಅವನು ಮೇಸ್ತ್ರಿಯ ಕಡೆಗೇ ತಿರುಗಿದ. "ಕಿವಿ ಹೋತು ಅಂದ್ರೆ ಕೈನೂ ಹೋತಲ್ರಿ ಮೇಸ್ತ್ರಿ."

ನಾನು ಬಾಯಿ ಬಿಡಬಹುದಿತ್ತು. ಮೇಸ್ತ್ರಿ ಬೋಲ್ಟನ್ನು ನನ್ನ ಅಂಗೈಗೆ ಹಾಕಿ, "ಹೊಸವು ಹಾಕು" ಎಂದಷ್ಟೇ ಹೇಳಿ ಹೊರಗೆ ಹೋಗಿ ಕೂತರು. ಆ ವಾರ ಮುಗಿಯುವಷ್ಟರಲ್ಲಿ ಶೆಡ್ಡಿನ ಬೀಗದ ಕೈ ನನಗೆ ಕೊಟ್ಟು ಮೊಳಕಾಲ್ಮೂರಿನ ಬಸ್ಸು ಹತ್ತಿದರು. ಮೇಸ್ತ್ರಿಗೆ ವಯಸ್ಸಾಯ್ತು, ಬೋಲ್ಟ್ ಬಿಗಿ ಮಾಡೋದೂ ಮರೀತಾರೆ ಎಂಬ ಮಾತು ಲಾರಿಗಳ ಜೊತೆ ಬಳ್ಳಾರಿವರೆಗೂ ಹೋಯಿತು. ನಾನು ತಿದ್ದಲಿಲ್ಲ.

ಒಂದು ವರ್ಷ ಕಳೆದ ಮೇಲೆ ಅವರ ಮನೆಗೆ ಹೋದೆ. ನಡುಮನೆಯ ಮಗ್ಗದಲ್ಲಿ ಮಗ ನೇಯುತ್ತಿದ್ದ, ಸೊಸೆ ಪಕ್ಕದಲ್ಲಿ ಕೂತು ರೇಷ್ಮೆ ಸುತ್ತುತ್ತಿದ್ದಳು. ಮೇಸ್ತ್ರಿಯ ಹತ್ತಿರ ಕೂತು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದದ್ದನ್ನು ಮೆಲ್ಲಗೆ ಹೇಳಿದೆ. "ಆ ಬೋಲ್ಟಿನ ತಪ್ಪು ನಂದು ಮೇಸ್ತ್ರಿ. ಎಲ್ರ ಮುಂದೆ ಹೇಳ್ಬೇಕಿತ್ತು."

"ಏನು? ಜೋರಾಗಿ ಹೇಳೋ ತಮ್ಮ, ಕೇಳಿಸ್ತಿಲ್ಲ."

ಮಗ ಮಗ್ಗ ನಿಲ್ಲಿಸಿ ನನ್ನ ಕಡೆ ನೋಡಿದ. ಸೊಸೆಯೂ ನೋಡಿದಳು.

"ಆರೋಗ್ಯ ಹೆಂಗೈತೆ ಅಂದೆ!" ಎಂದು ಕೂಗಿದೆ.

"ಚೆನ್ನಾಗೈತೆ" ಎಂದರು.

ಸೊಸೆ ಕೊಟ್ಟ ಟೀ ಕುಡಿದು ಬಸ್‌ಸ್ಟ್ಯಾಂಡಿಗೆ ನಡೆದೆ. ಆಮೇಲೆ ಎರಡು ವರ್ಷವಾಯಿತು, ಆ ಕಡೆ ಹೋಗಿಲ್ಲ.