ಬಾಡಿಗೆ ಮನೆಯ ಬಿಳಿ ಮಣ್ಣು

ನಾನು ಸೊಸೆಯಾಗಿ ಗಡಿನಾಡಿನ ಜತ್ತಕ್ಕೆ ಬಂದದ್ದು ಅರವತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ. ನಮ್ಮ ಮಾವನವರಿಗೆ ಆಗ ಒಂದೇ ಹುಚ್ಚು: ಬಾಡಿಗೆಗೆ ಕೊಡಲು ಮಹಡಿ ಮನೆ ಕಟ್ಟಬೇಕು. ನಮ್ಮ ಅರಿವೆ ಅಂಗಡಿಗೆ ಬಂದ ಗಿರಾಕಿ ಸೀರೆ ಕೇಳಿದರೆ ಇವರು ಮನೆಯ ನಕ್ಷೆ ಬಿಚ್ಚುತ್ತಿದ್ದರು. ತಾಲೂಕು ಕಚೇರಿಗೆ, ಸಾಲೆಗಳಿಗೆ ಸಾಂಗ್ಲಿ, ಮಿರಜ ಕಡೆಯಿಂದ ನೌಕರರು ಬರುತ್ತಿದ್ದರು. ಊರೊಳಗಿನ ಕತ್ತಲೆ ಕೋಣೆಗಳು ಅವರಿಗೆ ಒಗ್ಗುತ್ತಿರಲಿಲ್ಲ.

ಗೋಡೆ ಎದ್ದವು. ಛಾವಣಿಯ ಮಾತು ಬಂದಾಗ ಮಾವನವರ ನಿದ್ದೆ ಕೆಟ್ಟಿತು. ತಗಡಿನ ಪತ್ರಾ ಹಾಕಿದರೆ ಸೋವಿ, ಆದರೆ ಒಳಗಿದ್ದವರು ಹುರಿದ ಶೇಂಗಾ ಆಗುತ್ತಾರೆ. ಸ್ಲ್ಯಾಬು ನೋಡಲು ಚೆಂದ, ಆದರೆ ಸಿಮೆಂಟು ಕಬ್ಬಿಣ ಎಂದರೆ ಕಿಸೆಗೆ ತೂತು. ಹಳೆಯ ಪದ್ಧತಿಯ ಮಾಳಿಗೆ, ಅಂದರೆ ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಛಾವಣಿಗೆ ಖರ್ಚು ಕಡಿಮೆ, ಒಳಗೆ ತಂಪು. ಪಂಖಾ ಬೇಡ, ಕರೆಂಟಿನ ಬಿಲ್ಲೂ ಇಲ್ಲ. ಆದರೆ ಅದು ಹಳ್ಳಿ ಮನೆಯ ಹಾಗೆ ಕಾಣುತ್ತದೆ, ನೌಕರರು ಮೂಗು ಮುರಿಯುತ್ತಾರೆ. ಕೊನೆಗೆ ಗೌಂಡಿಗೆ ಹೇಳಿದರು: "ಮ್ಯಾಲ ಮಣ್ಣ ಹಾಕು. ಬೀದಿ ಕಡೀ ಮಾರಿ ಮಾತ್ರ ಸಿಮೆಂಟಿಂದ ಇರಲಿ."

ರಸ್ತೆಯ ಕಡೆ ಎದೆಮಟ್ಟದ ಸಿಮೆಂಟಿನ ಗೋಡೆ ಎಬ್ಬಿಸಿ, ಕಮಾನು ಕೊರೆಸಿ, ಪಿಸ್ತಾ ಬಣ್ಣ ಬಳಿಸಿದರು. ಕೆಳಗೆ ನಿಂತು ನೋಡಿದರೆ ಸ್ಲ್ಯಾಬಿನ ಮನೆಯೇ ಅನ್ನಬೇಕು. ಈ ಬುದ್ಧಿಗೆ ಊರೆಲ್ಲ ತಲೆದೂಗಿತು. ಹೊಸ ಸೊಸೆ, ನಾನೂ ತೂಗಿದೆ.

ನಮ್ಮ ಕಡೆ ಮಾಳಿಗೆಗೆ ಹೊಲದ ಕರಿ ಮಣ್ಣು ನಡೆಯುವುದಿಲ್ಲ, ಬಿರಿದು ಸೋರುತ್ತದೆ. ಹಾಳೂರಿನ ಬಿಳಿ ಮಣ್ಣೇ ಬೇಕು. ಜನ ಬಿಟ್ಟುಹೋದ ಊರಿನ ಗೋಡೆಗಳು ಕುಸಿದು, ಮಳೆಗೆ ಕರಗಿ, ದಿಬ್ಬವಾಗಿ ಕೂತ ಮಣ್ಣು ಅದು. ಹನಿ ನೀರನ್ನೂ ಕೆಳಗೆ ಬಿಡುವುದಿಲ್ಲ. ಅದರಲ್ಲಿ ಗಡಿಗೆಯ ಚೂರು, ಬಳೆಯ ಚೂರು ಸಿಗುತ್ತಲೇ ಇರುತ್ತವೆ. ಕಾಯಿ ಒಡೆದು, ದಿಬ್ಬದ ಅಪ್ಪಣೆ ಕೇಳಿಕೊಂಡೇ ಅಗೆಯುವುದು ಪದ್ಧತಿ. ನಮ್ಮ ಮನೆಗೆ ಕುಣಿಕೋಣೂರ ಕಡೆಯ ಒಂದು ದಿಬ್ಬದಿಂದ ಚಕ್ಕಡಿಗಳಲ್ಲಿ ಮಣ್ಣು ಬಂತು.

ಚಕ್ಕಡಿಯವರಿಗೆ ಚಹಾ ಕೊಡುತ್ತ ನಮ್ಮ ಅತ್ತೆ ಕೇಳಿದರು: "ದಿಬ್ಬದ ಯಾವ ಕಡಿಂದ ಅಗದ್ರೆಪಾ?"

"ಹಳೀ ಬಾವಿ ಕಡಿಂದ್ರೀ ಯವ್ವಾ. ಅಲ್ಲಿ ಮಣ್ಣ ಹಿಟ್ಟಿನಂಗ ಐತಿ."

ಅತ್ತೆ ಚಹಾದ ಪಾತ್ರೆ ಅಲ್ಲೇ ಇಟ್ಟು ಒಳಗೆ ಹೋದರು. ಆ ದಿನ ಊಟ ಮಾಡಲಿಲ್ಲ. ಬಿಸಿಲಿನ ತ್ರಾಸು ಇರಬೇಕೆಂದು ನಾನು ಮಜ್ಜಿಗೆ ಕೊಟ್ಟೆ.

ಮಹಡಿಗೆ ಮೊದಲು ಬಂದವರು ತಾಲೂಕು ಕಚೇರಿಯ ಕಾರಕೂನರು ಮತ್ತು ಅವರ ಹೆಂಡತಿ. ಆಕೆ ಮರಾಠಿಯವಳು, ಆದರೆ ಚಲೋ ಕನ್ನಡ ಕಲಿತಿದ್ದಳು; ನನ್ನನ್ನು ಮಾತ್ರ ತಮ್ಮ ಕಡೆಯ ಹಾಗೆ ವಹಿನಿ, ಅತ್ತಿಗೆ, ಎಂದು ಕರೆಯುತ್ತಿದ್ದಳು. ನಾವು ಕೆಳಗಿನ ಮನೆಯಲ್ಲಿ ಇದ್ದೆವು. ಬೇಸಿಗೆಯಲ್ಲಿ ಊರೆಲ್ಲ ಬೇಯುತ್ತಿದ್ದರೆ ಮಹಡಿಯ ಕೋಣೆ ಹೊಸ ಗಡಿಗೆಯ ನೀರಿನಷ್ಟು ತಂಪು. ಕೆಲಸ ಮುಗಿಸಿ ನಾನೂ ಅಲ್ಲಿಗೆ ಹೋಗಿ ಅಡ್ಡಾಗುತ್ತಿದ್ದೆ. ಆ ತಂಪಿನಲ್ಲಿ ಎಂಥ ಸುಖದ ನಿದ್ದೆ ಬರುತ್ತಿತ್ತು! ಈಗ ಅದನ್ನು ನೆನೆದರೆ ಮೈ ಜುಂ ಎನ್ನುತ್ತದೆ.

ಒಂದು ದಿನ ಕಾರಕೂನರ ಹೆಂಡತಿ ನನ್ನ ಕೈ ಹಿಡಿದುಕೊಂಡಳು. "ವಹಿನಿ, ಮಟಮಟ ಮಧ್ಯಾಹ್ನ ನಮ್ಮ ತಲಿ ಮ್ಯಾಲ ಯಾರೋ ಅಡ್ಡಾಡ್ತಾರ್ರಿ. ದಿನಾ."

"ಬೆಕ್ಕು ಇರಬೇಕ್ರಿ," ಎಂದೆ.

"ಬೆಕ್ಕು ಹಿಂಗ ನಿಂತು ನಿಂತು ನಡಿಯಂಗಿಲ್ರಿ."

ಅವಳ ಪಕ್ಕದಲ್ಲೇ ಮಲಗಿ ಕಿವಿಗೊಟ್ಟೆ. ಮೊದಲು ತೊಲೆಗಳು ಕಿರುಗುಟ್ಟಿದ ಸದ್ದು. ಆಮೇಲೆ ಒಂದು ಹೆಜ್ಜೆ. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು. ಜಂತಿಯ ಸಂದಿನಿಂದ ಪುಡಿ ಮಣ್ಣು ನನ್ನ ಕೆನ್ನೆಯ ಮೇಲೆ ಉದುರಿತು. ದೆವ್ವ ಎಂದರೆ ನಗುವ ಜಾತಿ ನನ್ನದು. ಆ ಹೊತ್ತು ನಗು ಹತ್ತಿರಕ್ಕೂ ಬರಲಿಲ್ಲ.

ಒಂದೇ ವಾರದಲ್ಲಿ ಕಾರಕೂನರು ಸಾಮಾನು ಕಟ್ಟಿದರು. ಅವರ ಹಿಂದೆ ಬಂದ ಮಾಸ್ತರರೂ ಹೆಚ್ಚು ದಿನ ನಿಲ್ಲಲಿಲ್ಲ. ಬಾಡಿಗೆಗೆ ಕೇಳಲು ಬಂದವರು ಬೀದಿಯಲ್ಲೇ ನಿಂತು ಪಿಸ್ತಾ ಬಣ್ಣ ನೋಡಿ ಹೋಗುತ್ತಿದ್ದರು. ಮಾವನವರು ಸಿಟ್ಟಿನಿಂದ ಗೌಂಡಿಯನ್ನೂ ಗ್ರಹಚಾರವನ್ನೂ ಬೈದರು. ನಾನಂತೂ ಮಹಡಿಯ ಮೆಟ್ಟಿಲ ಕಡೆ ಹೋಗುವುದನ್ನೇ ಬಿಟ್ಟೆ. ಆದರೆ ಹೆದರಿ ಹೆದರಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಒಂದು ಮಧ್ಯಾಹ್ನ ಆ ಸದ್ದು ಕೇಳಿದ್ದೇ ಹಿತ್ತಲಿನ ಏಣಿ ಹತ್ತಿಬಿಟ್ಟೆ.

ಮಾಳಿಗೆಯ ಮೇಲೆ ಅತ್ತೆ ನಿಂತಿದ್ದರು. ಬರಿಗಾಲು, ತಲೆಯ ಮೇಲೆ ಸೆರಗು. ಬೆಂಕಿಯಂಥ ಬಿಳಿ ಮಣ್ಣಿನ ಮೇಲೆ ಒಂದು ಹೆಜ್ಜೆ ಇಟ್ಟು, ಬಗ್ಗಿ, ಅಂಗೈಯಿಂದ ನೆಲ ಸವರಿ, ಮತ್ತೊಂದು ಹೆಜ್ಜೆ ಇಡುತ್ತಿದ್ದರು. ನನ್ನನ್ನು ನೋಡಿ ಬೆಚ್ಚಲಿಲ್ಲ.

"ಕಾಲ ಸುಡಂಗಿಲ್ಲೇನ್ರಿ ಅತ್ತಿ?"

"ಸುಡತೈತಿ. ಬಾ, ಕುಂದ್ರು," ಎಂದು ಗೋಡೆಯ ನೆರಳಿಗೆ ಕರೆದರು.

ಅತ್ತೆಯ ತವರು ಬಾಲಗಾಂವ ಎಂದೇ ಮನೆಯವರೆಲ್ಲ ತಿಳಿದಿದ್ದರು. ಅದು ಅವರು ಬೆಳೆದ ಸೋದರಮಾವನ ಮನೆಯಂತೆ. ಅವರು ಹುಟ್ಟಿದ್ದು ನಮ್ಮ ಮಾಳಿಗೆಗೆ ಮಣ್ಣು ಬಂದ ಆ ದಿಬ್ಬದಲ್ಲಿ, ಅದಿನ್ನೂ ಊರಾಗಿದ್ದಾಗ.

"ಪ್ಲೇಗ ಬಂತು. ಇಲಿ ಸತ್ತು ಬಿದ್ದುವು. ಎಲ್ಲಾರೂ ಊರ ಬಿಟ್ಟು ಹೊಲದಾಗ ಗುಡಸಲಾ ಹಾಕಿದ್ರು. ನಮ್ಮವ್ವಗ ಬಗಲಾಗ ಗಂಟ ಎದ್ದಿತ್ತು. ಆಕೀನ ಕರಕೊಂಡ ಬಂದ್ರ ಎಲ್ಲಾರೂ ಸಾಯ್ತಾರಂದ್ರು. ಅಪ್ಪ ನನ್ನ ಎತಗೊಂಡು ಹೊಂಟ. 'ಬಾಗಲಾ ಎಳಕೊಂಡ ಹೋಗ್ರಿ, ನಾಯಿ ಬರ್ತಾವು' ಅಂದ್ಲು ನಮ್ಮವ್ವ. ಅಪ್ಪ ಎಳಕೊಂಡ."

"ಆಮ್ಯಾಲ ಯಾರೂ ಹೋಗಲಿಲ್ಲೇನ್ರಿ?"

"ಯಾರ ಹೋಗ್ತಾರ? ಮಳಿಗಾಲಕ್ಕ ಮಾಳಿಗಿ ಆಕಿ ಮ್ಯಾಲ ಕುಸದಿತ್ತು. ವಿಭೂತಿ ಇಲ್ಲ, ಪತ್ರಿ ಇಲ್ಲ, ಮಣ್ಣ ಮಾಡವರೂ ಇಲ್ಲ. ನಮ್ಮನಿ ಬಾವಿ ಮಗ್ಗಲಕ್ಕ ಇತ್ತು, ತಂಗಿ. ಈ ಮಣ್ಣು ಅಲ್ಲಿದು."

ನಾನು ಕಾಲು ಎಳೆದುಕೊಂಡೆ. ಆದರೆ ಎಲ್ಲಿ ಇಡಲಿ? ಸುತ್ತಲೂ ಅದೇ ಮಣ್ಣು. ತಣ್ಣಗೆ ಮಲಗಿದ ನನ್ನ ಮಧ್ಯಾಹ್ನಗಳೆಲ್ಲ ಒಮ್ಮೆಲೇ ಮೈಮೇಲೆ ಬಂದಂತಾದವು.

"ದಿನಾ ಬಂದು ಹುಡುಕತೀನಿ. ಎಲ್ಲಿ ಅದಾಳೋ ತಿಳಿವಲ್ದು," ಎಂದರು ಅತ್ತೆ. "ಹುಡುಕಾಕಂತ ಆಕೀನ ತುಳಿಯಾಕತ್ತೀನಿ."

ಯಾರಿಗೂ ಹೇಳಬೇಡ ಎಂದರು. ಹೇಳಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಮಾವನವರು ಹಟ ಹಿಡಿದು ಸಾಲ ಎತ್ತಿ ಸ್ಲ್ಯಾಬು ಹಾಕಿಸಲು ನಿಂತರು. ಮಾಳಿಗೆಯ ಮಣ್ಣನ್ನು ರಸ್ತೆಯ ತಗ್ಗು ತುಂಬಲು ಒಬ್ಬ ಗುತ್ತಿಗೆದಾರ ಕೇಳಿದ್ದ. ಅವನ ಆಳುಗಳು ಗುದ್ದಲಿ ಹಿಡಿದು ಅಂಗಳಕ್ಕೆ ಬಂದರು. ಗಂಡನ ಎದುರು ಎಂದೂ ದನಿ ಎತ್ತದ ಅತ್ತೆ ಏಣಿಗೆ ಅಡ್ಡ ನಿಂತರು.

"ರಸ್ತೆದಾಗ ಹಾಕಬ್ಯಾಡ್ರಿ. ಅದರಾಗ ನಮ್ಮವ್ವ ಅದಾಳ."

ಆಳುಗಳ ಮುಂದೆ, ನೆರೆಯವರ ಮುಂದೆ, ಎಲ್ಲವನ್ನೂ ಹೇಳಿದರು. ಮಾವನವರು ರೇಗುತ್ತಾರೆ ಎಂದುಕೊಂಡೆ. ಅವರು ಅಂಗಿ ಕಳಚಿ ಗೂಟಕ್ಕೆ ಹಾಕಿದರು. "ನಮ್ಮತ್ತೀನ ನಾ ನೋಡಿರಲಿಲ್ಲ," ಎಂದು ಮೊದಲ ಬುಟ್ಟಿಯನ್ನು ತಾವೇ ಹೊತ್ತು ಇಳಿಸಿದರು.

ಊರ ಹೊರಗಿನ ನಮ್ಮ ಹೊಲದಲ್ಲಿ ದೊಡ್ಡ ಕುಣಿ ತೋಡಿಸಿದೆವು. ಮಠದ ಅಯ್ಯನವರು ಬಂದು ವಿಭೂತಿ ಹಾಕಿದರು, ಪತ್ರಿ ಏರಿಸಿದರು. ಒಂದು ಮನೆಯ ಮಾಳಿಗೆ ಪೂರಾ ಕುಣಿಯೊಳಗೆ ಹೋಯಿತು. ಅತ್ತೆ ಅಂಚಿಗೆ ಕೂತು, ಐದಾರು ವರ್ಷದ ಹುಡುಗಿಯ ದನಿಯಲ್ಲಿ ಅವ್ವಾ, ಅವ್ವಾ ಎಂದು ಅತ್ತರು. ನನಗೂ ಅಳು ಬಂತು. ಹೆದರಿಕೆ ಆಮೇಲೆಯೂ ಪೂರ್ತಿ ಬಿಡಲಿಲ್ಲ. ಇಂದಿಗೂ ಮಣ್ಣಿನ ಮಾಳಿಗೆಯ ಕೆಳಗೆ ನನಗೆ ನಿದ್ದೆ ಬರುವುದಿಲ್ಲ.

ಸ್ಲ್ಯಾಬು ಬಿತ್ತು. ಮಹಡಿಗೆ ಮತ್ತೆ ಬಾಡಿಗೆಯವರು ಬಂದರು. ಮುಂದಿನ ಬೇಸಿಗೆಯಲ್ಲಿ ಅವರು ಬೆವರು ಒರೆಸುತ್ತ ಕೆಳಗಿಳಿದು ಬಂದು, ಮೇಲೆ ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ, ಪಂಖಾ ಬಿಸಿ ಗಾಳಿ ಬೀಸುತ್ತದೆ, ಕರೆಂಟಿನ ಬಿಲ್ಲು ಮಾತ್ರ ಏರುತ್ತಿದೆ ಎಂದು ಗೋಳಾಡಿದರು. ಮಾವನವರು ತಲೆ ಕೆರೆದುಕೊಂಡು, "ಸ್ಲ್ಯಾಬಿನ ಮ್ಯಾಲ ಒಂದೀಟ ಬಿಳಿ ಮಣ್ಣ ಹಾಸಿದ್ರ ತಣ್ಣಗ ಆಗತೈತಿ. ಸೊರಡಿ ಕಡೆ ಇನ್ನೊಂದ ದಿಬ್ಬ ಐತಿ," ಎಂದರು.

ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

"ಈ ಸಲ ಯಾರ ಅವ್ವನ್ನ ತರ್ತೀರಿ?" ಎಂದರು.